ಹಾಲಿಯೂ ಮಾಜಿಯೂ ಕೂಡಿದ ಕ್ರಿಯಾಪದ

(ಸಂಘದ ವಾರ್ಷಿಕ ಸಮಾರಂಭದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ವೇದಿಕೆಯಲ್ಲಿ ‘ಶಿಕ್ಷಣದ ಮಹತ್ವ’ ಎಂಬ ವಿಷಯದ ಮೇಲೆ ಮಾತನಾಡುವುದು ವಾಡಿಕೆ. ನಾನು ಅದಕ್ಕಿಂತ ಬಹಳ ಚಿಕ್ಕ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ‘ಬಂದಿದ್ದಾನೆ’, ‘ಕೊಟ್ಟಿದ್ದಾಳೆ’, ‘ಕಲಿತಿದ್ದೇನೆ’ ಎಂಬಂಥ ಕ್ರಿಯಾಪದಗಳೇ ಇಂದಿನ ನನ್ನ ವಿಷಯ. ಇದು ವ್ಯಾಕರಣದ ಪಾಠ, ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ತರಗತಿಯಲ್ಲಿ ಕಾಣುವುದು ಬೇರೆಯೇ ಚಿತ್ರ. ನಮ್ಮ ಅನೇಕ ಮಕ್ಕಳು ಕನ್ನಡದಲ್ಲಿ ಮಾತು ಆರಂಭಿಸುತ್ತಾರೆ, ವಾಕ್ಯದ ಕೊನೆಗೆ ಬಂದಾಗ ತಡವರಿಸುತ್ತಾರೆ, ಯಾರಾದರೂ ನಕ್ಕರೆ ಸುಮ್ಮನಾಗುತ್ತಾರೆ. ಕನ್ನಡ ವಾಕ್ಯದ ಕೊನೆಯಲ್ಲಿ ಇರುವುದು ಕ್ರಿಯಾಪದ. ಅಲ್ಲಿ ಎಡವಿದ ಮಗು ಮುಂದಿನ ಸಲ ಬಾಯಿ ತೆರೆಯುವುದಕ್ಕೇ ಹಿಂಜರಿಯುತ್ತದೆ. ಆ ಮೌನವನ್ನು ಮುರಿಯುವುದು ಹೇಗೆ ಎಂಬುದೇ ನನ್ನ ಮಾತಿನ ಉದ್ದೇಶ.

ಮೊದಲು ಈ ಕ್ರಿಯಾಪದದ ಅರ್ಥವನ್ನು ನೋಡೋಣ. ಉರ್ದು ವ್ಯಾಕರಣದಲ್ಲಿ ವರ್ತಮಾನ ಕಾಲಕ್ಕೆ ‘ಹಾಲ್’ ಎನ್ನುತ್ತಾರೆ, ಭೂತಕಾಲಕ್ಕೆ ‘ಮಾಜಿ’ ಎನ್ನುತ್ತಾರೆ. ಈ ಎರಡು ಪದಗಳು ಕನ್ನಡಿಗರಿಗೆ ಹೊಸವಲ್ಲ. ಹಾಲಿ ಶಾಸಕರು, ಮಾಜಿ ಸಚಿವರು ಎಂದು ಪತ್ರಿಕೆಯಲ್ಲಿ ದಿನವೂ ಓದುತ್ತೇವೆ. ಅರಬ್ಬಿಯಿಂದ ಹೊರಟ ಅವೇ ಪದಗಳು ಕನ್ನಡದೊಳಗೆ ಬಂದು ಮನೆಮಾಡಿವೆ. ಈಗ ‘ಬಂದಿದ್ದಾನೆ’ ಎಂಬ ಪದವನ್ನು ಬಿಡಿಸಿ ನೋಡಿ. ಬಂದು, ಇದ್ದಾನೆ. ಬಂದ ಕೆಲಸ ಮುಗಿದಿದೆ, ಅದು ಮಾಜಿ. ಅದರ ಫಲವಾಗಿ ಅವನು ಈಗ ಇಲ್ಲಿದ್ದಾನೆ, ಅದು ಹಾಲಿ. ಮುಗಿದ ಕೆಲಸದ ಫಲ ಇನ್ನೂ ಕಣ್ಣ ಮುಂದೆ ಇದೆ ಎಂದು ಹೇಳಬೇಕಾದಾಗ ಈ ರೂಪ ಬೇಕು. ಇಂಗ್ಲಿಷ್ ತರಗತಿಯಲ್ಲಿ ಇದನ್ನೇ ಪ್ರೆಸೆಂಟ್ ಪರ್ಫೆಕ್ಟ್ ಎಂದು ಕಲಿಸುತ್ತಾರೆ. ಉರ್ದು ವ್ಯಾಕರಣಕಾರರು ಇದಕ್ಕೆ ‘ಮಾಜಿ ಕರೀಬ್’, ಅಂದರೆ ಹತ್ತಿರದ ಭೂತಕಾಲ ಎಂದು ಸೊಗಸಾದ ಹೆಸರಿಟ್ಟಿದ್ದಾರೆ.

ಒಂದು ಉದಾಹರಣೆ ಕೊಡುತ್ತೇನೆ. ತಾಯಿಯೊಬ್ಬರು ಮಗುವನ್ನು ವೈದ್ಯರ ಬಳಿ ಕರೆದೊಯ್ಯುತ್ತಾರೆ. ‘ಜ್ವರ ಬಂತು’ ಎಂದರೆ ಬಂದ ಸಂಗತಿ ಮಾತ್ರ ತಿಳಿಯುತ್ತದೆ. ‘ಜ್ವರ ಬಂದಿತ್ತು’ ಎಂದರೆ ಹಿಂದೊಮ್ಮೆ ಬಂದು ಹೋದಂತೆ ಕೇಳಿಸುತ್ತದೆ. ‘ಜ್ವರ ಬಂದಿದೆ’ ಎಂದರೆ ಈಗಲೂ ಮೈ ಬಿಸಿ ಇದೆ, ನೋಡಿ ಎಂದರ್ಥ. ಉರ್ದುವಿನಲ್ಲಿ ಇವು ಕ್ರಮವಾಗಿ ‘ಬುಖಾರ್ ಆಯಾ’, ‘ಬುಖಾರ್ ಆಯಾ ಥಾ’, ‘ಬುಖಾರ್ ಆಯಾ ಹೈ’. ಮೊದಲನೆಯದು ಮಾಜಿ ಮುತ್ಲಕ್, ಎರಡನೆಯದು ಮಾಜಿ ಬಯೀದ್, ಮೂರನೆಯದು ಮಾಜಿ ಕರೀಬ್. ವೈದ್ಯರ ಮುಂದೆ ‘ಬಂದಿದೆ’ ಎನ್ನುವ ಕಡೆ ‘ಬಂದಿತ್ತು’ ಎಂದರೆ ಏನಾಗಬಹುದೆಂದು ತಾವೇ ಯೋಚಿಸಿ. ಬ್ಯಾಂಕಿನಲ್ಲಿ ‘ಕಂತು ಕಟ್ಟಿದ್ದೇನೆ’ ಎನ್ನುವುದಕ್ಕೂ ‘ಕಟ್ಟಿದ್ದೆ’ ಎನ್ನುವುದಕ್ಕೂ ಇಷ್ಟೇ ವ್ಯತ್ಯಾಸವಿದೆ.

ಭದ್ರಾವತಿಯವರಿಗೆ ಇನ್ನೊಂದು ಉದಾಹರಣೆ ಬೇಗ ಮುಟ್ಟುತ್ತದೆ. 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇವೆರಡೂ ಊರಿಗೆ ಅನ್ನ ಕೊಟ್ಟವು. ಕೆಲಸ ಹುಡುಕಿಕೊಂಡು ಬಂದವರಿಂದ ಒಂದೇ ಬೀದಿಯಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು, ಮಲಯಾಳ ಕೇಳುವಂತಾಯಿತು. ಕಾಗದದ ಕಾರ್ಖಾನೆಯಲ್ಲಿ 2016ರ ಹೊತ್ತಿಗೆ ಉತ್ಪಾದನೆ ನಿಂತುಹೋಗಿತ್ತು. ‘ಯಂತ್ರ ನಿಂತಿತು’ ಎಂದರೆ ಅದು ಒಂದು ದಿನದ ಸುದ್ದಿ. ‘ಯಂತ್ರ ನಿಂತಿದೆ’ ಎಂದರೆ ಅದು ಮನೆಯೊಳಗಿನ ಚಿಂತೆ, ಮಕ್ಕಳ ಫೀಸಿನ ಲೆಕ್ಕ. ‘ನಿಂತಿತು’ ಮತ್ತು ‘ನಿಂತಿದೆ’ಗಳ ನಡುವಿನ ಅಂತರ ಏನೆಂಬುದು ಆ ಮನೆಗಳ ಮಕ್ಕಳಿಗೆ ಯಾವ ವ್ಯಾಕರಣ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು.

ಇನ್ನು ಈ ಪದ ಕಟ್ಟುವ ಬಗೆ. ಉರ್ದುವಿನಲ್ಲಿ ‘ಆಯಾ’ ಎಂಬ ಭೂತರೂಪದ ಪಕ್ಕದಲ್ಲಿ ‘ಹೈ’ ಇಡುತ್ತೇವೆ. ಕನ್ನಡದಲ್ಲಿ ‘ಬಂದು’ ಎಂಬ ಕೃದಂತಾವ್ಯಯದ ಪಕ್ಕದಲ್ಲಿ ‘ಇದ್ದಾನೆ’ ಇಡುತ್ತೇವೆ. ಎರಡೂ ಕಡೆ ಜೊತೆಗಾರ ‘ಇರು’ ಎಂಬ ಅರ್ಥದ ಪದವೇ. ಇಂಗ್ಲಿಷಿನಲ್ಲಿ ಹಾಗಲ್ಲ, ಅಲ್ಲಿ ‘ಹೊಂದು’ ಎಂಬ ಅರ್ಥದ ‘ಹ್ಯಾವ್’ ಬರುತ್ತದೆ. ದೂರದ ಸ್ಪ್ಯಾನಿಷ್ ಭಾಷೆಯಲ್ಲಿಯೂ ಮೂಲದಲ್ಲಿ ‘ಹೊಂದು’ ಎಂಬ ಅರ್ಥವಿದ್ದ ‘ಅಬೇರ್’ ಎಂಬ ಕ್ರಿಯಾಪದ ಬರುತ್ತದೆ. ಅಂದರೆ ಉರ್ದು ಮನೆಯ ಮಗುವಿಗೆ ಕನ್ನಡದ ಈ ವಾಕ್ಯದ ಚೌಕಟ್ಟು ಹೊಸದಲ್ಲ. ‘ಆಯಾ ಹೈ’ ಎನ್ನಬಲ್ಲ ಮಗುವಿಗೆ ‘ಬಂದಿದ್ದಾನೆ’ ಎಂಬುದರ ಅರ್ಧ ಆಗಲೇ ಗೊತ್ತಿದೆ. ‘ಬಂದು’ ಮತ್ತು ‘ಇದ್ದಾನೆ’ ಸೇರುವಾಗ ‘ದು’ವಿನ ಕೊನೆಯ ಉಕಾರ ಬಿಟ್ಟುಹೋಗುವುದು ನೀವೆಲ್ಲ ಬಾಯಿಪಾಠ ಮಾಡಿರುವ ಲೋಪಸಂಧಿಯೇ.

ಹಾಗಿದ್ದರೆ ಮಕ್ಕಳು ಎಡವುವುದು ಎಲ್ಲಿ? ಎಡವುವುದು ಆ ಮೊದಲರ್ಧದಲ್ಲಿ, ಅಂದರೆ ‘ಬಂದು’, ‘ಕೊಟ್ಟು’, ‘ತಿಂದು’ ಎಂಬ ರೂಪಗಳಲ್ಲಿ. ಕನ್ನಡದ ಬಹಳಷ್ಟು ಧಾತುಗಳಿಗೆ ‘ಇ’ ಸೇರಿಸಿದರೆ ಸಾಕು. ಮಾಡು, ಮಾಡಿ. ಓದು, ಓದಿ. ಹೇಳು, ಹೇಳಿ. ತೋರಿಸು, ತೋರಿಸಿ. ಮಗು ಇದನ್ನು ಬೇಗ ಹಿಡಿಯುತ್ತದೆ. ಹಿಡಿದ ಮೇಲೆ ಎಲ್ಲ ಧಾತುಗಳಿಗೂ ಅದನ್ನೇ ಹಚ್ಚುತ್ತದೆ. ಆಗ ‘ಕೊಡಿದ್ದಾನೆ’, ‘ತರಿದ್ದಾನೆ’, ‘ನಗಿದ್ದಾಳೆ’ ಎಂಬ ಮಾತುಗಳು ಬರುತ್ತವೆ. ತರಗತಿ ಗೊಳ್ಳೆಂದು ನಗುತ್ತದೆ.

ನಾನು ಎಲ್ಲ ಶಿಕ್ಷಕರಲ್ಲಿ, ಪೋಷಕರಲ್ಲಿ ಕೈಮುಗಿದು ಕೇಳುವುದು ಇಷ್ಟೇ. ಆ ನಗುವಿಗೆ ಮುಂಚೆ ಒಂದು ಕ್ಷಣ ಯೋಚಿಸೋಣ. ‘ಕೊಡಿದ್ದಾನೆ’ ಎಂದು ಆ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ಶಿವಮೊಗ್ಗದ ಯಾವ ಅಂಗಡಿಯಲ್ಲಿಯೂ, ಯಾವ ಬಸ್ಸಿನಲ್ಲಿಯೂ ಅದು ಅಂಥ ಮಾತನ್ನು ಕೇಳಿಲ್ಲ. ಮಗು ಅದನ್ನು ತಾನೇ ಕಟ್ಟಿದೆ. ಓದಿದ್ದಾನೆ, ಮಾಡಿದ್ದಾನೆ ಎಂಬವುಗಳಿಂದ ನಿಯಮ ತೆಗೆದು, ಆ ನಿಯಮವನ್ನು ಹೊಸ ಪದಕ್ಕೆ ಅನ್ವಯಿಸಿದೆ. ಇಂಗ್ಲಿಷ್ ಮಾತೃಭಾಷೆಯ ಪುಟ್ಟ ಮಕ್ಕಳು ‘ವೆಂಟ್’ ಎನ್ನುವ ಬದಲು ‘ಗೋಡ್’ ಎನ್ನುವುದೂ ಹೀಗೆಯೇ ಎಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ನಮ್ಮ ಮನೆಗಳಲ್ಲಿ ‘ಕಿಯಾ’ ಎನ್ನಬೇಕಾದಲ್ಲಿ ‘ಕರಾ’ ಎಂಬ ಮಾತು ಕೇಳುವುದಿಲ್ಲವೇ? ಇದೂ ಅದೇ. ತಪ್ಪು ಹೇಳಿದ ಮಗು ದಡ್ಡ ಮಗುವಲ್ಲ, ನಿಯಮ ಕಲಿತ ಮಗು. ಅದಕ್ಕೆ ಇನ್ನು ಬೇಕಾದದ್ದು ನಿಯಮ ಮೀರಿದ ಕೆಲವು ಪದಗಳ ಪರಿಚಯ ಮಾತ್ರ.

ಭಾಷೆ ಕೂಡ ಕೆಲವೊಮ್ಮೆ ಮಕ್ಕಳ ದಾರಿಯನ್ನೇ ಹಿಡಿಯುತ್ತದೆ. ಹಳಗನ್ನಡದಲ್ಲಿ ‘ಕೇಳ್ದು’ ಎಂದಿದ್ದುದು ಇಂದು ‘ಕೇಳಿ’ ಆಗಿದೆ. ಆದರೆ ದಿನಕ್ಕೆ ನೂರು ಸಲ ಬಾಯಿಗೆ ಬರುವ ಪದಗಳು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದು ಎನ್ನುತ್ತಾರೆ. ಅದರಲ್ಲಿ ‘ಕೊಟ್ಟಾರ್’ ಎಂಬ ಕ್ರಿಯಾಪದವಿದೆ. ಇಂದು ನಾವು ‘ಕೊಟ್ಟರು’ ಎನ್ನುತ್ತೇವೆ. ಸಾವಿರದ ಐನೂರು ವರ್ಷಗಳಲ್ಲಿ ರಾಜ್ಯಗಳು ಅಳಿದವು, ಲಿಪಿಯ ರೂಪ ಬದಲಾಯಿತು, ‘ಕೊಟ್ಟ’ ಮಾತ್ರ ಉಳಿದಿದೆ. ಉರ್ದುವಿನಲ್ಲಿ ನಿಯಮ ಮೀರುವ ಮುಖ್ಯ ಪದಗಳು ಐದು: ಕರ್‌ನಾಗೆ ಕಿಯಾ, ದೇನಾಗೆ ದಿಯಾ, ಲೇನಾಗೆ ಲಿಯಾ, ಜಾನಾಗೆ ಗಯಾ, ಹೋನಾಗೆ ಹುಆ. ಮಾಡು, ಕೊಡು, ತೆಗೆದುಕೊ, ಹೋಗು, ಆಗು! ಇವಿಲ್ಲದೆ ಒಂದು ಗಂಟೆ ಮಾತನಾಡುವುದು ಸಾಧ್ಯವೇ? ಸ್ಪ್ಯಾನಿಷ್ ಭಾಷೆಯಲ್ಲಿಯೂ ಇದೇ ಕಥೆ. ಮಾತಾಡು ಎಂಬ ಅರ್ಥದ ‘ಅಬ್ಲಾರ್’ ನಿಯಮದಂತೆ ‘ಅಬ್ಲಾದೊ’ ಆಗುತ್ತದೆ. ಆದರೆ ಮಾಡು ಎಂಬ ‘ಅಸೇರ್’ ಪದ ‘ಎಚೊ’ ಆಗುತ್ತದೆ, ಹೇಳು ಎಂಬ ‘ದೆಸೀರ್’ ಪದ ‘ದೀಚೊ’, ಬರೆ ಎಂಬ ‘ಎಸ್ಕ್ರಿಬೀರ್’ ಪದ ‘ಎಸ್ಕ್ರೀತೊ’. ಲ್ಯಾಟಿನ್ ಕಾಲದಿಂದ ಬಳಸಿ ಬಳಸಿ ಉಳಿದುಬಂದ ರೂಪಗಳು ಅವು. ಜಗತ್ತಿನ ಯಾವ ಮೂಲೆಗೆ ಹೋದರೂ ನಿಯಮ ಮೀರುವವು ಹೆಚ್ಚಾಗಿ ಇಂಥ ಮನೆಬಳಕೆಯ ಪದಗಳೇ. ಅವುಗಳ ಸಂಖ್ಯೆ ಕಡಿಮೆ, ಬಳಕೆ ಹೆಚ್ಚು. ವಿದ್ಯಾರ್ಥಿಗಳೇ, ಇದು ನಿಮಗೆ ಲಾಭದ ಸಂಗತಿ. ಸ್ವಲ್ಪ ಕಲಿತರೆ ಬಹಳ ದೂರ ಹೋಗಬಹುದು.

ಕನ್ನಡದ ಈ ಪದಗಳನ್ನು ಒಂದೊಂದಾಗಿ ಉರುಹೊಡೆಯಬೇಡಿ. ಅವು ಕುಟುಂಬ ಕುಟುಂಬವಾಗಿ ಬಾಳುತ್ತವೆ. ಆ ಕುಟುಂಬಗಳನ್ನು ಈಗ ಪರಿಚಯ ಮಾಡಿಕೊಡುತ್ತೇನೆ.

ಮೊದಲನೆಯದು ‘ಟ್ಟು’ ಕುಟುಂಬ. ಕೊಡು, ಕೊಟ್ಟು. ಇಡು, ಇಟ್ಟು. ಬಿಡು, ಬಿಟ್ಟು. ಸುಡು, ಸುಟ್ಟು. ನೆಡು, ನೆಟ್ಟು. ಕೆಡು, ಕೆಟ್ಟು. ಪಡು, ಪಟ್ಟು. ಉಡು, ಉಟ್ಟು. ತೊಡು, ತೊಟ್ಟು. ಇಲ್ಲಿ ಒಂದು ಗುಟ್ಟಿದೆ. ಛಂದಸ್ಸಿನ ಪಾಠದಲ್ಲಿ ಲಘು, ಗುರು ಎಂದು ಪ್ರಸ್ತಾರ ಹಾಕಿದ್ದೀರಿ. ‘ಡು’ವಿನ ಹಿಂದೆ ಒಂದೇ ಅಕ್ಷರವಿದ್ದು ಅದು ಲಘುವಾಗಿದ್ದರೆ ‘ಟ್ಟು’ ಬರುತ್ತದೆ. ಅದು ಗುರುವಾಗಿದ್ದರೆ ‘ಡಿ’ ಬರುತ್ತದೆ: ಮಾಡಿ, ನೋಡಿ, ಹಾಡಿ, ಓಡಿ, ಬೇಡಿ, ನೀಡಿ. ಆದ್ದರಿಂದ ‘ಕೊಡು’ವಿಗೆ ‘ಕೊಟ್ಟು’, ‘ನೀಡು’ವಿಗೆ ‘ನೀಡಿ’. ಈ ಒಂದು ಲೆಕ್ಕ ತಿಳಿದರೆ ಒಂಬತ್ತು ಪದಗಳು ಕೈಗೆ ಬಂದ ಹಾಗೆ. ‘ಹೊರಡು’ ಮಾತ್ರ ‘ಹೊರಟು’ ಆಗುತ್ತದೆ, ಅಲ್ಲಿ ಒತ್ತಿಲ್ಲ.

ಎರಡನೆಯದು ಸೊನ್ನೆಯ ಕುಟುಂಬ. ಬರು, ಬಂದು. ತರು, ತಂದು. ತಿನ್ನು, ತಿಂದು. ಕೊಲ್ಲು, ಕೊಂದು. ಎನ್ನು, ಎಂದು. ಬೇಯು, ಬೆಂದು. ನೋಯು, ನೊಂದು. ಇವರ ಹತ್ತಿರದ ನೆಂಟರು ಮೂವರಿದ್ದಾರೆ: ಕಾಣು, ಕಂಡು, ಉಣ್ಣು, ಉಂಡು, ಕೊಳ್ಳು, ಕೊಂಡು. ಹಳಗನ್ನಡದಲ್ಲಿ ತಿನ್, ಉಣ್ ಎಂದು ಧಾತುಗಳು ವ್ಯಂಜನದಲ್ಲಿ ಕೊನೆಯಾಗುತ್ತಿದ್ದವು. ‘ತಿನ್’ಗೆ ‘ದು’ ಸೇರಿದರೆ ‘ತಿಂದು’ ಆಗುತ್ತದೆ. ‘ಉಣ್’ಗೆ ‘ದು’ ಸೇರಿದಾಗ ನಾಲಗೆ ‘ಣ’ಕಾರಕ್ಕಾಗಿ ಮೇಲಕ್ಕೆ ಮಡಚಿಕೊಂಡಿರುವುದರಿಂದ ‘ದು’ ಕೂಡ ‘ಡು’ ಆಗಿ ‘ಉಂಡು’ ಎಂದಾಯಿತು. ನಿಯಮ ಮೀರಿದ್ದು ಎಂದು ನಾವು ಹೇಳುವುದರ ಒಳಗೂ ಹಳೆಯ ನಿಯಮವೊಂದು ಅಡಗಿ ಕುಳಿತಿದೆ.

ಮೂರನೆಯದು ‘ದ್ದು’ ಕುಟುಂಬ. ಇರು, ಇದ್ದು. ಬೀಳು, ಬಿದ್ದು. ಏಳು, ಎದ್ದು. ಗೆಲ್ಲು, ಗೆದ್ದು. ಕದಿ, ಕದ್ದು. ಒದೆ, ಒದ್ದು. ಹೊದೆ, ಹೊದ್ದು. ಬೀಳು, ಏಳು ಎಂಬಲ್ಲಿ ದೀರ್ಘವಾಗಿದ್ದ ಸ್ವರ ಬಿದ್ದು, ಎದ್ದು ಎಂಬಲ್ಲಿ ಹ್ರಸ್ವವಾಗುವುದನ್ನು ಗಮನಿಸಿ. ಆದರೆ ಹೇಳು, ಕೇಳು, ಬಾಳು ಎಂಬವು ಹೇಳಿ, ಕೇಳಿ, ಬಾಳಿ ಆಗುತ್ತವೆ. ಇಲ್ಲಿ ಲೆಕ್ಕ ಹಾಕುವುದಕ್ಕಿಂತ ಕಿವಿಯನ್ನು ನಂಬುವುದು ಒಳ್ಳೆಯದು.

ನಾಲ್ಕನೆಯದು ‘ತ್ತು’ ಕುಟುಂಬ. ಹೊರು, ಹೊತ್ತು. ಹೆರು, ಹೆತ್ತು. ಅಳು, ಅತ್ತು. ಕೀಳು, ಕಿತ್ತು. ಸಾಯು, ಸತ್ತು.

ಐದನೆಯದು ಒತ್ತಿಲ್ಲದ ‘ತು’ ಕುಟುಂಬ. ಕಲಿ, ಕಲಿತು. ಮರೆ, ಮರೆತು. ಅರಿ, ಅರಿತು. ಬೆರೆ, ಬೆರೆತು. ಕೂರು, ಕೂತು. ಸೋಲು, ಸೋತು. ನಿಲ್ಲು, ನಿಂತು. ಇಕಾರ ಎಕಾರಗಳಲ್ಲಿ ಕೊನೆಯಾಗುವ ಉಳಿದ ಹೆಚ್ಚಿನ ಧಾತುಗಳು ‘ದು’ ತೆಗೆದುಕೊಳ್ಳುತ್ತವೆ: ಕುಡಿದು, ಹಿಡಿದು, ಬರೆದು, ಕರೆದು, ನಡೆದು. ಆದ್ದರಿಂದ ಮಕ್ಕಳು ‘ಕಲಿದಿದ್ದೇನೆ’, ‘ಮರೆದಿದ್ದೇನೆ’ ಎನ್ನುವುದು ಸಹಜ. ‘ಕಲಿತು’ ಮತ್ತು ‘ಮರೆತು’ ಒಂದೇ ಮನೆಯವು ಎಂದು ನೆನಪಿಟ್ಟುಕೊಂಡರೆ ಎರಡೂ ಸರಿಹೋಗುತ್ತವೆ.

ಕೊನೆಯದು ಬಹಳ ಚಿಕ್ಕ ಕುಟುಂಬ. ನಗು, ನಕ್ಕು. ಸಿಗು, ಸಿಕ್ಕಿ. ನಕ್ಕಿದ್ದಾಳೆ, ಸಿಕ್ಕಿದೆ.

ನಾನು ಈಗ ಹೇಳಿದ ನಿಯಮ ಮೀರಿದ ಪದಗಳನ್ನು ಎಣಿಸಿದರೆ ನಲವತ್ತರ ಆಸುಪಾಸಿನಲ್ಲಿವೆ. ದಿನಬಳಕೆಯ ಮಾತಿಗೆ ಇಷ್ಟು ಬಂದರೆ ಬಹುಪಾಲು ಕೆಲಸ ಆದಂತೆಯೇ. ದಿನಕ್ಕೆ ನಾಲ್ಕು ಪದಗಳಂತೆ ಕಲಿತರೂ ಹತ್ತು ದಿನದ ಕೆಲಸ. ಇಷ್ಟು ಚಿಕ್ಕ ಗೋಡೆಗೆ ಹೆದರಿ ನಮ್ಮ ಮಕ್ಕಳು ವರ್ಷಗಟ್ಟಲೆ ಈಚೆಯೇ ನಿಂತಿದ್ದಾರೆ ಎಂಬುದು ನನ್ನ ಕಳವಳ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಒಂದಿದೆ. ‘ಹೋಗು’ ಮತ್ತು ‘ಆಗು’ ಎಂಬವುಗಳ ಭೂತಕಾಲ ‘ಹೋದನು’, ‘ಆಯಿತು’. ‘ಬಂದನು’ ಎಂಬುದರಿಂದ ‘ಬಂದಿದ್ದಾನೆ’ ಆದರೆ ‘ಹೋದನು’ ಎಂಬುದರಿಂದ ‘ಹೋದಿದ್ದಾನೆ’ ಆಗಬೇಕಲ್ಲವೇ ಎಂದು ಜಾಣ ಮಕ್ಕಳು ಕೇಳುತ್ತಾರೆ. ಇಲ್ಲಿ ಭೂತಕಾಲ ನಿಯಮ ಮೀರಿದೆ, ಕೃದಂತಾವ್ಯಯ ನಿಯಮದಂತೆಯೇ ಇದೆ: ಹೋಗಿ, ಆಗಿ. ಆದ್ದರಿಂದ ‘ಹೋಗಿದ್ದಾನೆ’, ‘ಆಗಿದೆ’. ಉರ್ದುವಿನ ‘ಗಯಾ ಹೈ’, ‘ಹುಆ ಹೈ’ ನಿಯಮ ಮೀರಿದವು, ಕನ್ನಡದ ‘ಹೋಗಿದೆ’, ‘ಆಗಿದೆ’ ನೇರವಾದವು. ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಭಾಷೆಗಳು ಮನಸ್ಸಿನಲ್ಲಿ ನಿಲ್ಲುತ್ತವೆ.

ಇನ್ನು ಬರವಣಿಗೆಯ ಒಂದು ಎಚ್ಚರಿಕೆ. ‘ಬಂದಿತು’, ‘ಬಂದಿತ್ತು’, ‘ಬಂದಿದೆ’ ಎಂಬ ಮೂರನ್ನು ನೋಡಿ. ಮೊದಲ ಎರಡರ ನಡುವೆ ಇರುವ ವ್ಯತ್ಯಾಸ ಒಂದು ತ ಒತ್ತು ಮಾತ್ರ. ಆ ಒತ್ತು ಬಿಟ್ಟರೆ ‘ಆಯಾ ಥಾ’ ಹೋಗಿ ‘ಆಯಾ’ ಆಗುತ್ತದೆ. ಹಾಗೆಯೇ ‘ಬಂದಿದ್ದನು’ ಎಂದರೆ ‘ಆಯಾ ಥಾ’, ‘ಬಂದಿದ್ದಾನೆ’ ಎಂದರೆ ‘ಆಯಾ ಹೈ’. ಕಾಲ ಬದಲಾಗುವುದು ಆ ಕೊನೆಯ ಎರಡು ಅಕ್ಷರಗಳಲ್ಲಿ.

ಇಲ್ಲ ಎನ್ನುವಾಗ ಕನ್ನಡ ಬಹಳ ಉದಾರಿ. ನಾನು ಬಂದಿಲ್ಲ, ನೀನು ಬಂದಿಲ್ಲ, ಅವಳು ಬಂದಿಲ್ಲ, ಅವರು ಬಂದಿಲ್ಲ, ಬಸ್ಸು ಬಂದಿಲ್ಲ. ಎಲ್ಲರಿಗೂ ಒಂದೇ ರೂಪ. ಆದರೆ ‘ಬರಲಿಲ್ಲ’ ಎಂಬುದು ಬೇರೆ. ‘ಬಸ್ಸು ಬರಲಿಲ್ಲ’ ಎಂದರೆ ಆ ಹೊತ್ತು ಮುಗಿಯಿತು. ‘ಬಸ್ಸು ಬಂದಿಲ್ಲ’ ಎಂದರೆ ಇನ್ನೂ ಕಾಯಬಹುದು. ಶಿವಮೊಗ್ಗ ಮತ್ತು ಭದ್ರಾವತಿ ನಡುವೆ ದಿನವೂ ಓಡಾಡುವ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಸ್ಸು ಎಂದಾಗ ಲಿಂಗದ ಮಾತು ನೆನಪಾಯಿತು. ಉರ್ದುವಿನಲ್ಲಿ ವಸ್ತುಗಳಿಗೂ ಗಂಡು-ಹೆಣ್ಣು ಎಂಬ ಭೇದವಿದೆ. ‘ಬಸ್ ಆಯೀ ಹೈ’ ಎನ್ನುವ ಮಗು ಕನ್ನಡದಲ್ಲಿ ‘ಬಸ್ಸು ಬಂದಿದ್ದಾಳೆ’ ಎಂದರೆ ಅದರಲ್ಲಿ ತರ್ಕವಿದೆ. ಕನ್ನಡದಲ್ಲಿ ವಸ್ತುವಿಗೆ ನಪುಂಸಕ ಲಿಂಗ, ಆದ್ದರಿಂದ ‘ಬಂದಿದೆ’. ಬಹುವಚನವಾದರೆ ‘ಬಂದಿವೆ’. ಇನ್ನೊಂದು ಕಡೆ ಕನ್ನಡವೇ ಸುಲಭ. ಉರ್ದುವಿನಲ್ಲಿ ಹುಡುಗ ‘ಮೈಂ ಆಯಾ ಹೂಂ’ ಎನ್ನಬೇಕು, ಹುಡುಗಿ ‘ಮೈಂ ಆಯೀ ಹೂಂ’ ಎನ್ನಬೇಕು. ಕನ್ನಡದಲ್ಲಿ ಇಬ್ಬರೂ ‘ನಾನು ಬಂದಿದ್ದೇನೆ’ ಎನ್ನುತ್ತಾರೆ. ಗೌರವದ ವಿಷಯದಲ್ಲಿ ಎರಡೂ ಭಾಷೆಗಳು ಒಂದೇ ಸಂಸ್ಕಾರದವು. ‘ಉಸ್ತಾದ್ ಆಯೇ ಹೈಂ’, ‘ಗುರುಗಳು ಬಂದಿದ್ದಾರೆ’. ಒಬ್ಬರೇ ಇದ್ದರೂ ಬಹುವಚನ.

ಈಗ ನಮ್ಮ ಮನೆಮಾತಿಗೆ ಬರುತ್ತೇನೆ. ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ಆಡುವುದು ದಖನಿ. ಪಠ್ಯಪುಸ್ತಕದ ಉರ್ದುವಿಗೂ ಇದಕ್ಕೂ ವ್ಯತ್ಯಾಸವಿದೆ ಎಂದು ಕೆಲವರು ದಖನಿಯನ್ನು ಕೀಳಾಗಿ ಕಾಣುತ್ತಾರೆ. ಕನ್ನಡ ಕಲಿಯುವವರಿಗೆ ದಖನಿ ಒಂದು ಏಣಿ ಎಂಬುದು ನನ್ನ ಅನುಭವ. ಪುಸ್ತಕದ ಉರ್ದುವಿನಲ್ಲಿ ‘ಲಡ್ಕೇ ನೇ ರೋಟೀ ಖಾಯೀ ಹೈ’ ಎನ್ನಬೇಕು. ತಿಂದವನು ಹುಡುಗ, ಆದರೂ ಕ್ರಿಯಾಪದ ರೊಟ್ಟಿಯ ಲಿಂಗವನ್ನು ಹಿಡಿದು ‘ಖಾಯೀ’ ಆಗುತ್ತದೆ. ದಖನಿಯಲ್ಲಿ ಸಾಮಾನ್ಯವಾಗಿ ಈ ‘ನೇ’ ಬರುವುದಿಲ್ಲ, ಕ್ರಿಯಾಪದ ತಿಂದವನನ್ನೇ ಅನುಸರಿಸುತ್ತದೆ. ಕನ್ನಡದಲ್ಲಿಯೂ ಹಾಗೆಯೇ: ‘ಹುಡುಗ ರೊಟ್ಟಿ ತಿಂದಿದ್ದಾನೆ’. ಶತಮಾನಗಳಿಂದ ಕನ್ನಡ, ತೆಲುಗು, ಮರಾಠಿಗಳ ನೆರೆಹೊರೆಯಲ್ಲಿ ಬಾಳಿದ ಭಾಷೆ ಅದು.

ಇನ್ನೂ ಒಂದು ಸಂಗತಿ ಇದೆ. ದಖನಿಯಲ್ಲಿ ‘ಖಾಕೋ ಆಯಾ’ ಎನ್ನುತ್ತೇವೆ. ಕನ್ನಡದಲ್ಲಿ ಅದು ‘ತಿಂದು ಬಂದ’. ‘ಲಿಖ್‌ಕೋ ದಿಯಾ’ ಎಂಬುದು ‘ಬರೆದು ಕೊಟ್ಟ’. ಇಲ್ಲಿ ಬಂದಿರುವ ‘ತಿಂದು’, ‘ಬರೆದು’ ಎಂಬವು ‘ತಿಂದಿದ್ದಾನೆ’, ‘ಬರೆದಿದ್ದಾನೆ’ಗಳಲ್ಲಿ ಇದ್ದ ಅವೇ ರೂಪಗಳು. ಅಂದರೆ ‘ತಿಂದು’ ಎಂಬ ಒಂದು ರೂಪ ಕಲಿತರೆ ತಿಂದಿದ್ದಾನೆ, ತಿಂ‍ದಿದ್ದನು, ತಿಂದಿಲ್ಲ, ತಿಂದು ಬಂದ, ತಿಂದುಬಿಟ್ಟ ಎಂಬ ಐದು ಬಾಗಿಲುಗಳು ಒಟ್ಟಿಗೆ ತೆರೆಯುತ್ತವೆ. ನಲವತ್ತು ರೂಪಗಳ ಈ ಕೀಲಿಕೈ ಗೊಂಚಲು ಸಿಕ್ಕಿದರೆ ಇನ್ನೂರು ಬಾಗಿಲು ತೆರೆದ ಹಾಗೆ.

ಈ ಬಾಗಿಲುಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ಹೇಳಬೇಕು. ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂದು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಹೇಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಪತ್ರಿಕೆ ಇದೆ. ಮುಂದೆ ಸರ್ಕಾರಿ ಕೆಲಸಕ್ಕೆ ಹೋಗುವವರಿಗೆ ಕನ್ನಡ ಬೇಕೇ ಬೇಕು. ಅರ್ಜಿಯ ಭಾಷೆಯನ್ನು ಒಮ್ಮೆ ಗಮನಿಸಿ. ‘ಪದವಿಯನ್ನು ಪಡೆದಿದ್ದೇನೆ’, ‘ಅಂಕಪಟ್ಟಿಯನ್ನು ಲಗತ್ತಿಸಿದ್ದೇನೆ’, ‘ಶುಲ್ಕವನ್ನು ಪಾವತಿಸಿದ್ದೇನೆ’. ಕಚೇರಿಯ ಕನ್ನಡದಲ್ಲಿ ಇದೇ ‘ಲಗತ್ತಿಸಿರುತ್ತೇನೆ’, ‘ಸಲ್ಲಿಸಿರುತ್ತೇನೆ’ ಎಂಬ ರೂಪದಲ್ಲಿಯೂ ಬರುತ್ತದೆ. ನಾನು ಏನು ಮಾಡಿದ್ದೇನೆ, ಏನು ಕಲಿತಿದ್ದೇನೆ, ಎಲ್ಲಿ ದುಡಿದಿದ್ದೇನೆ ಎಂದು ಜಗತ್ತಿಗೆ ತಿಳಿಸುವ ಕ್ರಿಯಾಪದ ಇದೇ ಅಲ್ಲವೇ? ಪ್ರತಿಭೆ ಇದ್ದೂ ಈ ಒಂದು ವಾಕ್ಯ ಹೇಳಲಾಗದೆ ಸಂದರ್ಶನದಲ್ಲಿ ತಲೆ ತಗ್ಗಿಸಿ ಕೂರುವ ಸ್ಥಿತಿ ನಮ್ಮ ಯುವಕ-ಯುವತಿಯರಿಗೆ ಬರಬಾರದು. ಪಂಚಾಯಿತಿಯಲ್ಲಿ, ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಲು ಬರುವುದು ನಾಗರಿಕನಿಗೆ ಒಂದು ರಕ್ಷಣೆ. ಬೇರೆಯವರ ಬಾಯಿಂದ ನಮ್ಮ ಮಾತು ಹೇಳಿಸುವವರೆಗೂ ನಾವು ಬೇರೆಯವರ ಕೈಯಲ್ಲೇ ಇರುತ್ತೇವೆ.

ಕೊನೆಯಲ್ಲಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

ವಿದ್ಯಾರ್ಥಿಗಳೇ, ಆರು ಕುಟುಂಬಗಳನ್ನು ನೋಟ್‌ಪುಸ್ತಕದ ಎರಡು ಪುಟಗಳಲ್ಲಿ ಬರೆದುಕೊಳ್ಳಿ. ಎಡಗಡೆ ಉರ್ದು, ಬಲಗಡೆ ಕನ್ನಡ. ರಾತ್ರಿ ಮಲಗುವ ಮುನ್ನ ಆ ದಿನ ಮಾಡಿದ ಐದು ಕೆಲಸಗಳನ್ನು ಈ ರೂಪದಲ್ಲಿ ಗಟ್ಟಿಯಾಗಿ ಹೇಳಿ. ‘ಪಾಠ ಬರೆದಿದ್ದೇನೆ. ಅಮ್ಮನಿಗೆ ನೀರು ತಂದುಕೊಟ್ಟಿದ್ದೇನೆ. ಪದ್ಯ ಇನ್ನೂ ಕಲಿತಿಲ್ಲ.’ ಕನ್ನಡ ಮಾತಾಡುವ ಗೆಳೆಯರೊಂದಿಗೆ ಧೈರ್ಯವಾಗಿ ಮಾತಾಡಿ. ಅವರು ತಿದ್ದಿದರೆ ಧನ್ಯವಾದ ಹೇಳಿ ಅದೇ ವಾಕ್ಯವನ್ನು ಇನ್ನೊಮ್ಮೆ ಹೇಳಿ.

ಪೋಷಕರೇ, ‘ನಮಗೆ ಕನ್ನಡ ಸರಿಯಾಗಿ ಬರುವುದಿಲ್ಲ, ಮಕ್ಕಳಿಗೆ ಏನು ಕಲಿಸುವುದು’ ಎಂದು ಅನೇಕ ತಾಯಂದಿರು ಹೇಳುತ್ತಾರೆ. ಕಲಿಸಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. ಮಗು ಕನ್ನಡ ಪುಸ್ತಕ ಓದುವಾಗ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ‘ಇದಕ್ಕೆ ಉರ್ದುವಿನಲ್ಲಿ ಏನು?’ ಎಂದು ಕೇಳಿ. ಉತ್ತರ ಹುಡುಕುವಾಗ ಮಗುವಿಗೆ ಎರಡೂ ಭಾಷೆ ಗಟ್ಟಿಯಾಗುತ್ತವೆ.

ಶಿಕ್ಷಕ ಮಿತ್ರರೇ, ‘ಕೊಡಿದ್ದಾನೆ’ ಎಂದ ಮಗುವಿಗೆ ‘ತಪ್ಪು’ ಎನ್ನುವ ಬದಲು ‘ಹೌದಾ, ಏನು ಕೊಟ್ಟಿದ್ದಾನೆ?’ ಎಂದು ಕೇಳೋಣ. ಸರಿಯಾದ ರೂಪ ಕಿವಿಗೆ ಬಿದ್ದ ಹಾಗಾಯಿತು, ಮಾತೂ ಮುಂದುವರಿಯಿತು. ಮಕ್ಕಳ ಮನೆಮಾತನ್ನು ತರಗತಿಯ ಹೊರಗೆ ನಿಲ್ಲಿಸದೆ ಕರಿಹಲಗೆಯ ಮೇಲೆ ಕನ್ನಡದ ಪಕ್ಕದಲ್ಲಿ ಬರೆಯೋಣ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ರಜೆಯಲ್ಲಿ ಎರಡು ವಾರದ ಕನ್ನಡ ಮಾತಿನ ಶಿಬಿರವೊಂದನ್ನು ಶಿವಮೊಗ್ಗದಲ್ಲಿಯೂ ಭದ್ರಾವತಿಯಲ್ಲಿಯೂ ಏರ್ಪಡಿಸಿದರೆ, ಕಲಿಸುವುದಕ್ಕೆ ನಾನು ಸಿದ್ಧನಿದ್ದೇನೆ. ಪರೀಕ್ಷೆ ಬೇಡ, ಅಂಕ ಬೇಡ. ಮಕ್ಕಳು ಬಾಯಿಬಿಟ್ಟು ಮಾತಾಡಲಿ, ಅಷ್ಟು ಸಾಕು.

ಮುಂದಿನ ವರ್ಷದ ಸಭೆಯಲ್ಲಿ ಇಲ್ಲಿ ಕುಳಿತಿರುವ ಮಕ್ಕಳಲ್ಲೊಬ್ಬರು ಈ ಧ್ವನಿವರ್ಧಕದ ಮುಂದೆ ನಿಂತು ‘ನಾನು ಕಲಿತಿದ್ದೇನೆ’ ಎಂದು ಕನ್ನಡದಲ್ಲಿ ಹೇಳಲಿ ಎಂದು ಹಾರೈಸುತ್ತೇನೆ.